ಮೊಗ್ಗು ಕದ್ದವರು

ಅಂಗಡಿಯ ಹಿಂದಿನ ಕೋಣೆಯಿಂದ,
ಅಕ್ಟೋಬರ್ ೧೭, ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ
(ತಾರೀಕನ್ನು ಕ್ಯಾಲೆಂಡರ್ ನೋಡಿಯೇ ಬರೆದಿದ್ದೇನೆ)

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮ? ಸೊಂಟದ ನೋವು ಈಗ ಹೇಗಿದೆ? ಊರವರ ಬೆನ್ನಿಗೆಲ್ಲ ಮುಲಾಮು ತಿಕ್ಕುವ ನರ್ಸಮ್ಮನಿಗೆ ತನ್ನ ಬೆನ್ನು ನೋಡಿಕೊಳ್ಳಲು ಪುರುಸೊತ್ತಿಲ್ಲ ಅಂತ ನನಗೆ ಗೊತ್ತು. ವಾರ್ಡಿನಲ್ಲಿ ನಿಂತೇ ಇರಬೇಡ, ಬರೆಯುವ ಕೆಲಸ ಇದ್ದಾಗಲಾದರೂ ಕುರ್ಚಿ ಎಳೆದುಕೊಂಡು ಕೂತುಕೋ. ಗುಬ್ಬಿಯ ಮುಂದಿನ ಹಲ್ಲು ಬಿತ್ತೋ, ಇನ್ನೂ ಅಲ್ಲಾಡುತ್ತಲೇ ಇದೆಯೋ? ನಾಲಿಗೆಯಲ್ಲಿ ನೂಕುತ್ತಾ ಕೂರಬೇಡ ಅಂತ ಹೇಳು. ಹೇಳಿದರೆ ಇನ್ನೂ ಜಾಸ್ತಿ ನೂಕುತ್ತಾಳೆ, ನಿನ್ನ ಮಗಳಲ್ಲವೇ. ಅಳಿಯಂದಿರ ಹಡಗು ಈಗ ಯಾವ ನೀರಿನ ಮೇಲಿದೆ? ಅಷ್ಟು ಜನಕ್ಕೆ ಬೇಯಿಸಿ ಬಡಿಸುವವರು ತಾವು ಹೊತ್ತಿಗೆ ಸರಿಯಾಗಿ ತಿನ್ನುತ್ತಾರೋ ಇಲ್ಲವೋ, ಕೇಳಿದೆ ಅಂತ ಬರಿ. ಇಲ್ಲಿ ಅಕ್ಕನಿಗೆ, ಅಂದರೆ ನಿನ್ನ ಸೋದರತ್ತೆಗೆ, ಮಂಡಿ ನೋವು ಬಿಟ್ಟರೆ ಬೇರೇನಿಲ್ಲ. ಬಾಯಿ ಮೊದಲಿನಷ್ಟೇ ಗಟ್ಟಿಯಾಗಿದೆ. ನನ್ನ ಆರೋಗ್ಯದ ವಿಷಯ ಮುಂದೆ ಬರುತ್ತದೆ, ಆತುರಪಟ್ಟು ಕೊನೆಯ ಪುಟಕ್ಕೆ ಹಾರಬೇಡ.

ನಿನ್ನ ಕಾಗದ ಬಂದು ಐದು ವಾರವಾಯಿತು. ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ, ಗುಂಡಿಗಳ ಡಬ್ಬಿಯ ಕೆಳಗೇ ಇದೆ. ದಿನಕ್ಕೊಮ್ಮೆ ತೆಗೆದು ಓದುತ್ತೇನೆ. ಡಿಸೆಂಬರಿನಿಂದ ಆರು ತಿಂಗಳು ನಿನಗೆ ದೊಡ್ಡಾಸ್ಪತ್ರೆಯಲ್ಲಿ ಟ್ರೈನಿಂಗು, ಹಾಸ್ಟೆಲಿನಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವಂತಿಲ್ಲ, ಈ ಸಲ ಕೈ ತಪ್ಪಿದರೆ ಮತ್ತೆ ಯಾವಾಗಲೋ. ಗುಬ್ಬಿಯನ್ನು ಆರು ತಿಂಗಳು ನನ್ನ ಹತ್ತಿರ ಬಿಡುತ್ತೇನೆ ಅಂದಿದ್ದೀಯ. ಇಲ್ಲಿಯ ಶಾಲೆಯವರನ್ನೂ ಕೇಳಿ ಒಪ್ಪಿಸಿದ್ದೀಯ. ಬೆಳಿಗ್ಗೆ ಬಿಟ್ಟುಬರುವುದು, ಸಂಜೆ ಕರೆತರುವುದು, ಆ ದೊಡ್ಡ ರಸ್ತೆ ದಾಟಿಸುವುದು, ಇಷ್ಟೇ ಅಲ್ಲವೇ ಅಪ್ಪಾ, ನಿನ್ನನ್ನು ಬಿಟ್ಟು ಇನ್ನು ಯಾರನ್ನು ನಂಬಲಿ ಅಂತ ಬರೆದಿದ್ದೀಯ. ಫೋನ್ ಮಾಡಿದಾಗಲೆಲ್ಲ ನಾನು ‘ನೋಡೋಣಮ್ಮ’ ಅನ್ನುತ್ತೇನೆ, ನೀನು ಸುಮ್ಮನಾಗುತ್ತೀಯ, ಆಮೇಲೆ ಇಬ್ಬರೂ ಗುಬ್ಬಿಯ ಹಲ್ಲಿನ ವಿಷಯ ಮಾತಾಡುತ್ತೇವೆ. ಅಪ್ಪನಿಗೆ ಮೊಮ್ಮಗಳು ಭಾರವಾದಳೇ ಅಂತ ನಿನಗೆ ಅನ್ನಿಸಿರಬಹುದು. ಅನ್ನಿಸಿದ್ದರೆ ತಪ್ಪು ನನ್ನದು. ಉತ್ತರ ಕೊಡುವುದಕ್ಕೆ ಮೊದಲು ಚೆಂಡು ಹೂವಿನ ಗಿಡಗಳ ಕಥೆ ಹೇಳಬೇಕು. ಎರಡೂ ಒಂದೇ ವಿಷಯ.

ಹೋದ ಸಲ ಬಂದಾಗ ಗುಬ್ಬಿ ಬೆಂಕಿಪೊಟ್ಟಣದಲ್ಲಿ ಬೀಜ ಹಾಕಿಕೊಟ್ಟು ಹೋದಳಲ್ಲ, ಅವಳ ಶಾಲೆಯ ಪಾತಿಯಿಂದ ಒಣಗಿದ ಹೂವು ಕಿತ್ತು ಬಿಡಿಸಿದ್ದು. ಜುಲೈ ಮೊದಲ ವಾರ ಬಿತ್ತಿದೆ. ಅಂಗಡಿಯ ಹಿಂಬಾಗಿಲಿಗೂ ಬಟ್ಟೆ ಒಗೆಯುವ ಕಲ್ಲಿಗೂ ನಡುವೆ ಇರುವ ಆ ನಾಲ್ಕು ಮಾರು ಜಾಗ ನಿನಗೆ ಗೊತ್ತೇ ಇದೆ. ನೀನು ಚಿಕ್ಕವಳಿದ್ದಾಗ ನಿನ್ನಮ್ಮ ಅಲ್ಲೇ ನಿನ್ನ ತಲೆಗೆ ನೀರು ಹಾಕುತ್ತಿದ್ದಳು. ಪಕ್ಕದ ಮನೆಯ ಡ್ರೈವರು ಮೂರು ಬುಟ್ಟಿ ಗೊಬ್ಬರ ತಂದು ಸುರಿದರು. ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ, ಈಗ ಬರೀ ಗುದ್ದಲಿ ಓಡಿಸುತ್ತಾರೆ. ಸಸಿಗಳನ್ನು ನಾನು ಅಳತೆ ಟೇಪು ಹಿಡಿದು ಹನ್ನೆರಡು ಇಂಚಿಗೊಂದರಂತೆ ನೆಟ್ಟೆ. ಡ್ರೈವರು ನಕ್ಕು, ‘ಟೈಲರೇ, ಗಿಡಕ್ಕೂ ಟ್ರಯಲ್ ನೋಡ್ತೀರೋ ಹೇಗೆ?’ ಅಂದರು. ಇಪ್ಪತ್ತೆರಡು ಗಿಡ, ಎರಡು ಸಾಲು, ಒಂದೂ ಸಾಯಲಿಲ್ಲ.

ಆಗಸ್ಟಿನಲ್ಲಿ ಒಂದೊಂದಕ್ಕೂ ನೆತ್ತಿಯ ಮೇಲೆ ಮೊದಲನೆಯ ಮೊಗ್ಗು ಬಂತು. ಅದನ್ನು ಚಿವುಟಿದೆ. ನಿನಗೆ ನೆನಪಿರಬೇಕು, ನಿನಗೆ ಆರೋ ಏಳೋ ವರ್ಷವಿದ್ದಾಗ ನಾನು ಹೀಗೇ ಚಿವುಟಿದ್ದಕ್ಕೆ ನೀನು ಎರಡು ಹೊತ್ತು ಊಟ ಬಿಟ್ಟೆ. ‘ಅಪ್ಪ ಕೊಲೆಗಾರ’ ಅಂತ ಗೋಡೆಯ ಮೇಲೆ ಬರೆದೆ, ಅದೂ ನನ್ನದೇ ಸೀಮೆಸುಣ್ಣದಲ್ಲಿ. ನೆತ್ತಿಯ ಮೊಗ್ಗನ್ನು ಬಿಟ್ಟರೆ ಗಿಡ ಒಂದೇ ಹೂವು ಹೊತ್ತು ಕಡ್ಡಿಯಂತೆ ನಿಲ್ಲುತ್ತದೆ, ಅದನ್ನು ಚಿವುಟಿದರೆ ಪಕ್ಕದಿಂದ ಹತ್ತು ಕುಡಿ ಒಡೆದು ಹತ್ತು ಹೂವು ಬರುತ್ತವೆ, ಅಂತ ನಿನಗೆ ಅರ್ಥ ಮಾಡಿಸಲು ನಿನ್ನಮ್ಮನಿಗೆ ಒಂದು ವಾರ ಹಿಡಿಯಿತು. ಆದರೆ ಚಿವುಟುವುದು ಒಂದೇ ಸಲ. ಆಮೇಲೆ ಕೈ ಕಟ್ಟಿಕೊಂಡು ಕಾಯಬೇಕು.

ನಾನೂ ಕಾದೆ. ಸೆಪ್ಟೆಂಬರು ಬಂತು, ಗಿಡಗಳು ಮೊಣಕಾಲುದ್ದ ಬೆಳೆದು ಒಂದಕ್ಕೊಂದು ಹೆಗಲು ತಾಗಿಸಿಕೊಂಡು ನಿಂತವು. ಎಲೆ ಕಡು ಹಸಿರು, ಕಾಂಡ ಹೆಬ್ಬೆರಳಿನ ಗಾತ್ರ. ಹೂವು ಮಾತ್ರ ಒಂದೂ ಇಲ್ಲ. ಡ್ರೈವರ ಅಂಗಳದಲ್ಲಿ, ನನ್ನಿಂದ ತೆಗೆದುಕೊಂಡು ಹೋದ ಅದೇ ಬೀಜದ ನಾಲ್ಕು ಗಿಡ, ಮೈತುಂಬ ಹೂವು. ನನಗೆ ಹೊಟ್ಟೆ ಉರಿಯಿತು ಅಂತ ಒಪ್ಪಿಕೊಳ್ಳುತ್ತೇನೆ. ಗೊಬ್ಬರ ಜಾಸ್ತಿಯಾಯಿತು ಅಂದರು ಒಬ್ಬರು, ಗೊಬ್ಬರ ನಿಲ್ಲಿಸಿದೆ. ಬೀದಿ ದೀಪದ ಬೆಳಕು ಬಿದ್ದರೆ ಹೂ ಬಿಡುವುದಿಲ್ಲ ಅಂದರು ಇನ್ನೊಬ್ಬರು, ಹಳೇ ಪರದೆಯೊಂದನ್ನು ಹೊಲಿದು ಆ ಕಡೆ ಅಡ್ಡ ಕಟ್ಟಿದೆ. ಅಕ್ಕ ಮಾತ್ರ, ‘ತಿಂದು ತಿಂದು ಮೈ ಬೆಳೆಸ್ಕೊಂಡು ಕೂತಿವೆ ಕಣೋ, ಕೆಲಸ ಮಾಡು ಅಂದ್ರೆ ಬೇಜಾರು ಅವಕ್ಕೆ, ಥೇಟ್ ನಿನ್ನ ಹಾಗೆ’ ಅಂತ ನಕ್ಕಳು. ಅದು ಅವಳು ಈ ವಿಷಯಕ್ಕೆ ನಕ್ಕ ಕೊನೆಯ ಸಲ. ಆಮೇಲೆ ಗಿಡದ ಮಾತು ತೆಗೆದರೆ ಸಾಕು, ಒಲೆಯ ಮೇಲೆ ಏನೋ ಇಟ್ಟಿದ್ದೀನಿ ಅಂತ ಎದ್ದು ಹೋಗುತ್ತಿದ್ದಳು.

ಒಂದು ಸಂಜೆ ಬಗ್ಗಿ ನೋಡುತ್ತೇನೆ, ಎಲೆಗಳ ನಡುವೆ ಬಟಾಣಿ ಕಾಳಿನಷ್ಟು ಗಾತ್ರದ ಮೊಗ್ಗುಗಳು, ಎಣಿಸಿದರೆ ಹದಿನೇಳು. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ನೋಡಿದರೆ ಒಂದೂ ಇಲ್ಲ. ಹುಳು ತಿಂದಿದ್ದಲ್ಲ, ಹಕ್ಕಿ ಕುಕ್ಕಿದ್ದಲ್ಲ. ತುದಿ ನೀಟಾಗಿ ಉಗುರಿನಲ್ಲಿ ಕತ್ತರಿಸಿದಂತಿತ್ತು. ಅಂದರೆ ಹೂ ಬಿಡದ ಗಿಡಗಳಲ್ಲ ಇವು, ಯಾರೋ ಬಿಡಗೊಡುತ್ತಿಲ್ಲ. ಎರಡು ಮನೆಗಳ ನಡುವಿನ ಆ ಸಣ್ಣ ಗೇಟಿನಿಂದ ನಮ್ಮ ಹಿತ್ತಲಿಗೆ ಬರುವವರು ಒಬ್ಬರೇ. ಡ್ರೈವರು ದಿನಾ ಬೆಳಿಗ್ಗೆ ನಮ್ಮ ನಲ್ಲಿಯಲ್ಲಿ ಎರಡು ಕೊಡ ನೀರು ಹಿಡಿಯಲು ಬರುತ್ತಾರೆ. ಹತ್ತೊಂಬತ್ತು ವರ್ಷದಿಂದ ಬರುತ್ತಿದ್ದಾರೆ. ನಿನ್ನಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ದಿನ ಡ್ಯೂಟಿಗೆ ರಜೆ ಹಾಕಿ ನನ್ನ ಪಕ್ಕ ಬೆಂಚಿನ ಮೇಲೆ ಕೂತಿದ್ದವರು. ಅಂಥವರನ್ನು ನಾನು ಕಾಂಪೌಂಡ್ ಗೋಡೆಯ ಹತ್ತಿರ ನಿಲ್ಲಿಸಿಕೊಂಡು, ಇಬ್ಬರು ಗಿರಾಕಿಗಳ ಎದುರಿಗೆ, ‘ನಿಮ್ಮ ಅಂಗಳ ಮಾತ್ರ ಚೆನ್ನಾಗಿರಬೇಕು ಅಂತ ನನ್ನ ಮೊಗ್ಗು ಕೀಳ್ತೀರಲ್ರೀ, ನಾಚ್ಕೆ ಆಗಲ್ವಾ’ ಅಂದುಬಿಟ್ಟೆ. ಅವರು ಕೊಡ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು. ತಮ್ಮ ಕಡೆಯಿಂದ ಗೇಟು ಎಳೆದುಕೊಂಡು ಹೋದರು. ಅಕ್ಕ ಒಳಗಿನಿಂದ, ‘ಬಾಯ್ಮುಚ್ಕೊಂಡು ಒಳಗೆ ಬಾರೋ’ ಅಂತ ಕೂಗಿದಳು. ಅವಳ ದನಿ ಅಳುವವರ ದನಿಯಂತಿತ್ತು, ನಾನು ಅದನ್ನು ಸಿಟ್ಟು ಅಂದುಕೊಂಡೆ.

ಅವರು ನೀರಿಗೆ ಬರುವುದು ನಿಲ್ಲಿಸಿದರೂ ಮೊಗ್ಗು ಹೋಗುವುದು ನಿಲ್ಲಲಿಲ್ಲ. ಗೋಡೆ ಹಾರಿ ಬರುತ್ತಿದ್ದಾರೆ ಅಂದುಕೊಂಡೆ, ಎಪ್ಪತ್ತು ವರ್ಷದ ಮುದುಕ ಗೋಡೆ ಹಾರುತ್ತಾನಂತೆ! ಬುದ್ಧಿ ಹೋಗುವಾಗ ಹೇಳಿ ಹೋಗುವುದಿಲ್ಲ ನೋಡು. ಕಳ್ಳನನ್ನು ಮಾಲು ಸಮೇತ ಹಿಡಿಯುವ ಉಪಾಯ ಹೂಡಿದೆ. ಬಟ್ಟೆಗೆ ಗುರುತು ಹಾಕುವ ನನ್ನ ಸೀಮೆಸುಣ್ಣ ಇದೆಯಲ್ಲ, ಅದರಲ್ಲಿ ಕಡು ನೀಲಿಯದೊಂದು ಬಿಲ್ಲೆ ಹಳೆಯದು, ಉಗುರು ಸಂದಿಗೆ ಹೊಕ್ಕರೆ ಎರಡು ದಿನ ಬಿಡುವುದಿಲ್ಲ. ಹಾಗಾಗಿ ನಾನು ಅದನ್ನು ಬಳಸುವುದನ್ನೇ ಬಿಟ್ಟಿದ್ದೆ. ಹೋದ ತಿಂಗಳ ಕೊನೆಯ ಭಾನುವಾರ ಸಂಜೆ ಅದನ್ನು ಬ್ಲೇಡಿನಲ್ಲಿ ಕೆರೆದು ಪುಡಿ ಮಾಡಿ, ಕೋಲಿಗೆ ಹತ್ತಿ ಸುತ್ತಿ, ಒಂದೊಂದು ಮೊಗ್ಗಿಗೂ ಬಳಿದೆ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಿದ್ದೆ. ಆಮೇಲೆ ಸೋಪು ಹಾಕಿ ಮೊಣಕೈವರೆಗೆ ತೊಳೆದೆ. ಇಷ್ಟೂ ನನಗೆ ಚೆನ್ನಾಗಿ ನೆನಪಿದೆ.

ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ನೋಡಿದರೆ ಮೊಗ್ಗುಗಳಿಲ್ಲ. ಖುಷಿಯಾಯಿತು ಮಗಳೇ, ಹೇಳಲು ನಾಚಿಕೆಯಾಗುತ್ತದೆ, ಖುಷಿಯಾಯಿತು. ಸೀದಾ ಡ್ರೈವರ ಮನೆ ಬಾಗಿಲು ತಟ್ಟಿದೆ. ‘ಎಲ್ಲಿ, ಕೈ ತೋರಿಸಿ’ ಅಂದೆ. ಅವರು ಮಕ್ಕಳು ಶಾಲೆಯಲ್ಲಿ ಮೇಡಂಗೆ ತೋರಿಸುವ ಹಾಗೆ ಎರಡೂ ಕೈ ಚಾಚಿದರು. ಗೆರೆಗಳಲ್ಲಿ ಹಳೇ ಎಂಜಿನ್ ಆಯಿಲಿನ ಕಪ್ಪು ಇತ್ತು, ನೀಲಿ ಎಲ್ಲೂ ಇರಲಿಲ್ಲ. ತಿರುಗಿಸಿ ನೋಡಿದೆ, ಉಗುರು ನೋಡಿದೆ. ಆಗ ಅವರು ನನ್ನ ಕೈಯನ್ನು ನೋಡುತ್ತಿದ್ದಾರೆ ಅಂತ ಗೊತ್ತಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಕೈ ನೋಡಿಕೊಂಡೆ. ಬಲಗೈ ಹೆಬ್ಬೆರಳು, ತೋರುಬೆರಳು, ಎರಡೂ ನೀಲಿ. ನೂಲು ಕಡಿಯಲು ನಾನು ಉದ್ದ ಬಿಟ್ಟಿರುವ ಆ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ನೀಲಿ, ಅದರ ಜೊತೆಗೆ ಗಿಡದ ಹಸಿರು. ಕೈ ಮುಚ್ಚಿಡಲು ಅಂಗಿಯ ಜೇಬಿಗೆ ಹಾಕಿದೆ. ಜೇಬಿನಲ್ಲಿ ಮೊಗ್ಗುಗಳಿದ್ದವು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಕಥೆ ಕೇಳಿ ನಾವೆಲ್ಲ ನಕ್ಕಿದ್ದೇವೆ. ಅದು ನಮ್ಮದೇ ಆದಾಗ ನಗು ಬರುವುದಿಲ್ಲ. ಆ ಬೆಳಿಗ್ಗೆ ಎದ್ದು ಹಿಂಬಾಗಿಲು ತೆರೆದಿದ್ದು ನೆನಪಿಲ್ಲ, ಗಿಡದ ಹತ್ತಿರ ಬಗ್ಗಿದ್ದು ನೆನಪಿಲ್ಲ. ಆದದ್ದು ಇಷ್ಟೇ ಇರಬೇಕು. ಮೊಗ್ಗು ಕಂಡ ತಕ್ಷಣ ಕೈ, ‘ಇದು ಮೊದಲನೇದು, ಚಿವುಟಬೇಕು’ ಅಂದುಕೊಂಡಿತು, ಚಿವುಟಿತು. ಮಾರನೇ ದಿನ ಮತ್ತೆ ಮೊದಲನೇದು. ಆಗಸ್ಟಿನಿಂದಲೂ ನನಗೆ ದಿನಾ ಮೊದಲನೇ ಮೊಗ್ಗೇ. ಡ್ರೈವರು ನನ್ನನ್ನು ಒಳಗೆ ಕರೆದು ಕೂರಿಸಿ ಟೀ ಕೊಟ್ಟರು. ನೀರು ಹಿಡಿಯಲು ಬಂದಾಗಲೆಲ್ಲ ನಾನು ಚಿವುಟುವುದನ್ನು ನೋಡುತ್ತಿದ್ದರಂತೆ. ‘ಮತ್ತೆ ಅಷ್ಟು ಜನರ ಎದುರಿಗೆ ಬೈದಾಗ ಯಾಕ್ರೀ ಹೇಳಲಿಲ್ಲ?’ ಅಂತ ಕೇಳಿದೆ. ‘ಅಷ್ಟು ಜನರ ಎದುರಿಗೆ ಹೇಗ್ರೀ ಹೇಳೋದು? ಹೋಗ್ಲಿ ಬಿಡಿ, ನಾನೇ ಕಿತ್ತೆ ಅಂತ ಇಟ್ಕೊಳ್ಳಿ’ ಅಂದರು. ನಾನು ಅಲ್ಲೇ ಅತ್ತೆ. ನಿನ್ನಮ್ಮ ಹೋದಾಗಲೂ ಅವರ ಎದುರಿಗೆ ಅತ್ತಿರಲಿಲ್ಲ.

ಮನೆಗೆ ಬಂದರೆ ಅಕ್ಕ ಒಗೆಯುವ ಕಲ್ಲಿನ ಹತ್ತಿರ ನಿಂತಿದ್ದಳು. ಅವಳಿಗೂ ಗೊತ್ತಿತ್ತು. ಒಂದು ತಿಂಗಳಿನಿಂದ ಒಗೆಯಲು ಹಾಕಿದ ನನ್ನ ಅಂಗಿಗಳ ಜೇಬಿನಿಂದ ಮೊಗ್ಗು ತೆಗೆದು ತೆಗೆದು ಮೋರಿಗೆ ಹಾಕುತ್ತಿದ್ದಳಂತೆ. ಯಾಕೆ ಹೇಳಲಿಲ್ಲ ಅಂದರೆ, ‘ಹೇಳಿದ್ರೆ ನಿಜ ಆಗಿಬಿಡುತ್ತಲ್ಲೋ’ ಅಂದಳು. ಆಮೇಲೆ ಒಂದೊಂದೇ ಹೊರಗೆ ಬಂತು. ಒಂದು ಅಂಗಿಗೆ ಎರಡೂ ಎಡಗೈ ತೋಳು ಹೊಲಿದು ಕೊಟ್ಟಿದ್ದೆನಂತೆ, ಗಿರಾಕಿ ವಾಪಸು ತಂದಾಗ ಅಕ್ಕ ತಾನೇ ಬಿಚ್ಚಿ ಸರಿ ಮಾಡಿ ಕೊಟ್ಟಳಂತೆ. ಹೋದ ತಿಂಗಳು ಒಂದೇ ದಿನ ನಿನಗೆ ಮೂರು ಸಲ ಫೋನ್ ಮಾಡಿ ಗುಬ್ಬಿಯ ಹಲ್ಲಿನ ವಿಷಯ ಕೇಳಿದೆನಂತೆ, ಹೌದೇ? ನೀನೂ ಏನೂ ಹೇಳಲಿಲ್ಲ. ನನ್ನ ಮೇಲಿನ ಪ್ರೀತಿಗೆ ಎಲ್ಲರೂ ಸೇರಿ ನನ್ನನ್ನು ಕತ್ತಲೆಯಲ್ಲಿ ಕೂರಿಸಿದಿರಿ. ಕೋಪವಿಲ್ಲ, ಆದರೆ ಇನ್ನು ಮುಂದೆ ಹಾಗೆ ಮಾಡಬೇಡಿ.

ಅದೇ ವಾರ ಡಾಕ್ಟರ ಹತ್ತಿರ ಹೋಗಿ ಬಂದೆವು. ನಿನ್ನ ವಯಸ್ಸಿನ ಹುಡುಗಿ, ಬಹಳ ಮರ್ಯಾದೆಯಿಂದ ಮಾತಾಡಿಸಿದಳು. ಇವತ್ತು ಯಾವ ವಾರ ಅಂದಳು, ಹೇಳಿದೆ. ಗಡಿಯಾರದ ಚಿತ್ರ ಬರೆಯಿರಿ ಅಂದಳು, ಬರೆದೆ, ಮುಳ್ಳು ಎಲ್ಲಿಡಬೇಕು ಅನ್ನುವಲ್ಲಿ ಸ್ವಲ್ಪ ತಡವರಿಸಿದೆ. ಮೂರು ಪದ ಹೇಳಿ ಐದು ನಿಮಿಷ ಬಿಟ್ಟು ಕೇಳಿದಳು. ಎರಡು ಹೇಳಿದೆ. ಮೂರನೆಯದು ಇವತ್ತಿನವರೆಗೂ ಸಿಕ್ಕಿಲ್ಲ, ಅಕ್ಕನನ್ನು ಕೇಳಿದರೆ ಹೇಳುತ್ತಾಳೆ, ಆದರೆ ನಾನಾಗಿಯೇ ಹೇಳಬೇಕು ಅಂತ ಹಟ. ಇದು ನಿಧಾನವಾಗಿ ಬರುವ ಕಾಯಿಲೆ, ಮಾತ್ರೆ ತೆಗೆದುಕೊಂಡರೆ ಇನ್ನೂ ಸ್ವಲ್ಪ ನಿಧಾನವಾಗುತ್ತದೆ, ನಿಲ್ಲುವುದಿಲ್ಲ ಅಂದಳು. ಹೊರಗೆ ಬಂದು ಅಕ್ಕನಿಗೆ, ಬಿಡು, ಅರವತ್ತೆಂಟು ವರ್ಷ ಎಲ್ಲ ನೆನಪಿಟ್ಟುಕೊಂಡು ಸಾಕಾಗಿತ್ತು ಅಂತ ತಮಾಷೆ ಮಾಡಿದೆ. ಅವಳು ನಗಲಿಲ್ಲ. ನನಗೂ ನಗು ಬರಲಿಲ್ಲ. ಭಯವಾಗುತ್ತಿದೆ ಮಗಳೇ. ಸಾಯುವುದಕ್ಕಲ್ಲ. ನನ್ನ ಕೈ ನನಗೆ ಹೇಳದೆ ಇನ್ನೂ ಏನೇನು ಮಾಡೀತೋ ಅಂತ ಭಯ.

ಈಗ ಗಿಡಗಳ ಯಜಮಾನಿಕೆ ಡ್ರೈವರದು. ಬೆಳಿಗ್ಗೆ ಅವರು ಗೇಟು ತೆರೆದು ಬರುವವರೆಗೆ ಅಕ್ಕ ಹಿಂಬಾಗಿಲಿನ ಚಿಲಕ ತೆಗೆಯುವುದಿಲ್ಲ. ನಾನು ಅವರ ಜೊತೆ ನಿಂತು ನೀರು ಹಾಕಬಹುದು, ಬಗ್ಗುವಂತಿಲ್ಲ. ಬಗ್ಗಿದರೆ ಬಸ್ಸಿನ ಹಾರ್ನ್ ಹೊಡೆದ ಹಾಗೆ ಬಾಯಲ್ಲಿ ‘ಪೋಂಯ್’ ಅನ್ನುತ್ತಾರೆ. ಮೊಗ್ಗುಗಳು ದಪ್ಪವಾಗುತ್ತಿವೆ, ಕೆಲವುಗಳ ತುದಿಯಲ್ಲಿ ಹಳದಿ ಕಾಣಿಸಿದೆ. ಹೊಲಿಗೆಯಲ್ಲಿ ಹೊಸ ಬಟ್ಟೆ ಕತ್ತರಿಸುವುದನ್ನು ಬಿಟ್ಟಿದ್ದೇನೆ. ಗುಂಡಿಗಳಿಗೆ ಕಾಜಾ ಹೊಲಿಯುತ್ತೇನೆ, ಅಂಚು ಮಡಿಸುತ್ತೇನೆ, ಅದು ಇನ್ನೂ ಚೆನ್ನಾಗಿಯೇ ಬರುತ್ತದೆ.

ನಿನ್ನ ಪ್ರಶ್ನೆಗೆ ಇನ್ನೂ ಉತ್ತರ ಬರೆದಿಲ್ಲ ಅಂತ ನನಗೆ ಗೊತ್ತು. ಮೂರು ಪುಟ ಸುತ್ತಾಡಿ ಬಂದೆ. ಬರೆಯಲು ಕೈ ಏಳುತ್ತಿಲ್ಲ, ಯಾಕೆಂದರೆ ಗುಬ್ಬಿ ಬರುತ್ತಾಳೆ ಅಂತ ನಾನು ಮುಂದಿನ ಕೋಣೆಯ ಮಂಚವನ್ನು ಆಗಲೇ ಕಿಟಕಿಯ ಕಡೆ ಸರಿಸಿದ್ದೇನೆ. ಅವಳ ಅಳತೆಗೆ ಎರಡು ಫ್ರಾಕು ಹೊಲಿದಿದ್ದೇನೆ. ಅವನ್ನು ಅಕ್ಕ ಪರೀಕ್ಷೆ ಮಾಡಿದ್ದಾಳೆ, ತೋಳು ಸರಿಯಾಗಿದೆ.

ಅಕ್ಕ ನಿನಗೆ ತನ್ನ ಆಶೀರ್ವಾದ ಬರೆಯಲು ಹೇಳಿದ್ದಾಳೆ, ಹೊತ್ತಿಗೆ ಸರಿಯಾಗಿ ತಿನ್ನು ಅಂತ ಬೈಗುಳವನ್ನೂ ಸೇರಿಸಿದ್ದಾಳೆ. ಅಳಿಯಂದಿರಿಗೆ ನನ್ನ ನೆನಪುಗಳನ್ನು ತಿಳಿಸು. ಗುಬ್ಬಿಯ ಎರಡೂ ಕೆನ್ನೆಗೆ ಮುತ್ತು, ಬೀಳಲಿರುವ ಹಲ್ಲಿಗೆ ಇನ್ನೊಂದು. ನೀನು ಹೋದ ಕಡೆ ನಿನಗೆ ಒಳ್ಳೆಯದೇ ಆಗಲಿ, ನಿನ್ನ ಕೈಯಲ್ಲಿ ರೋಗಿಗಳು ಬೇಗ ಏಳಲಿ.

ಇಂತಿ,
ನಿನ್ನ ಅಪ್ಪ

ಮರೆತಿದ್ದಲ್ಲ, ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದು: ಕಾಗದವನ್ನು ಅಂಚೆಗೆ ಹಾಕಲು ಡ್ರೈವರು ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಡಾಕ್ಟರು ಏನಾದರೂ ಹೇಳಲಿ, ಒಂದು ಮಗುವನ್ನು ಶಾಲೆಯಿಂದ ಕರೆತರಲು ನನ್ನಿಂದ ಆಗದೇ ಅಂತ ಈ ಸೋಮವಾರ ಯಾರಿಗೂ ಹೇಳದೆ ಒಬ್ಬನೇ ಹೋಗಿ ನೋಡಿದೆ, ಎಷ್ಟು ನಿಮಿಷದ ದಾರಿ ಅಂತ ಅಳೆಯಲು. ರಸ್ತೆ ಸರಿಯಾಗಿ ದಾಟಿದೆ, ಗೇಟಿನ ಹತ್ತಿರ ನಿಂತೆ. ಗಂಟೆ ಹೊಡೆಯಿತು, ಮಕ್ಕಳೆಲ್ಲ ಹೊರಗೆ ಬಂದರು, ಹೋದರು. ಗುಬ್ಬಿ ಬರಲಿಲ್ಲ. ವಾಚ್‌ಮನ್ನನ ಮೇಲೆ ಕೂಗಾಡಿದೆ, ಪಾಪ, ಅವನೂ ಟೀಚರೂ ಕೋಣೆ ಕೋಣೆ ಹುಡುಕಿದರು. ‘ನನ್ನ ಮಗಳು ನನ್ನನ್ನು ನಂಬಿ ಬಿಟ್ಟುಹೋಗಿದ್ದಾಳೆ, ಅವಳಿಗೆ ಏನು ಹೇಳಲಿ’ ಅಂತ ನಾನು ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದೆನಂತೆ. ಯಾರೋ ಹೇಳಿ ಕಳಿಸಿದ್ದಕ್ಕೆ ಅಕ್ಕ ಬಂದು, ಗುಬ್ಬಿ ಇನ್ನೂ ಈ ಊರಿಗೇ ಬಂದಿಲ್ಲ ಕಣೋ ಅಂದಾಗ ಜೀವ ಬಂತು. ಅವಳು ನಿಜವಾಗಿ ಇದ್ದಿದ್ದರೆ? ಗುಬ್ಬಿಯನ್ನು ನನ್ನ ಹತ್ತಿರ ಬಿಡಬೇಡ. ಬೇರೆ ದಾರಿ ಹುಡುಕು, ಟ್ರೈನಿಂಗು ಬಿಡಬೇಡ. ಇನ್ನೊಂದು ಮಾತು. ‘ಧಾರಾಳವಾಗಿ ಕರೆದುಕೊಂಡು ಬಾ’ ಅಂತ ನಿನಗೆ ಒಂದು ಕಾಗದ ಬರೆದ ಹಾಗಿದೆ, ಅಂಚೆಗೆ ಹಾಕಿದೆನೋ ಬರೀ ಮನಸ್ಸಿನಲ್ಲೇ ಬರೆದೆನೋ ಗೊತ್ತಾಗುತ್ತಿಲ್ಲ. ಬಂದಿದ್ದರೆ ಹರಿದು ಹಾಕು. ಇನ್ನು ಮೇಲೆ ನಾನು ಎಷ್ಟೇ ಚೆನ್ನಾಗಿ ಬರೆದು ಕೇಳಿದರೂ, ಫೋನಿನಲ್ಲಿ ಅತ್ತು ಕೇಳಿದರೂ, ‘ಅಂಥ ಕಾಗದ ನಾನು ಬರೆದೇ ಇಲ್ಲ’ ಅಂತ ಆಣೆ ಮಾಡಿದರೂ ಒಪ್ಪಬೇಡ. ಆಗ ನನಗೆ ಈ ಕಾಗದ ಓದಿ ಹೇಳು.